ಕೋಣೆ ಚಿಕ್ಕದೆಂದು ಹಳೆ ಲಾಡ್ಜ್ ಕೆಡವಬೇಡಿ

ಮಾನ್ಯ ಸಂಪಾದಕರೇ,

ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆಯ ಹಳೆ ಲಾಡ್ಜ್‌ಗಳನ್ನು ಕೆಡವುವ ಮುನ್ನ ಕೇಳಿಬರುವ ಮಾತು: ಕೋಣೆ ಇಕ್ಕಟ್ಟು, ಬಚ್ಚಲು ಎಲ್ಲರಿಗೂ ಒಂದೇ, ಈಗ ಯಾರು ತಂಗುತ್ತಾರೆ?

ಅಮೆರಿಕದ ಅಯೋವಾ ರಾಜ್ಯದ ಬಯಲುಸೀಮೆಯಲ್ಲಿ ಮೇಸನ್ ಸಿಟಿ ಎಂಬ ಸಣ್ಣ ಊರಿದೆ. ಅಲ್ಲಿನ ಪಾರ್ಕ್ ಇನ್ ಹೋಟೆಲಿಗೂ ಇದೇ ತೊಡಕಿತ್ತು. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದ ಹೋಟೆಲುಗಳಲ್ಲಿ ಉಳಿದಿರುವುದು ಅದೊಂದೇ. 1910ರಲ್ಲಿ ತೆರೆದಾಗ 43 ಪುಟ್ಟ ಕೋಣೆಗಳು. ಅದೇ ಕಟ್ಟಡದಲ್ಲಿ ಬ್ಯಾಂಕು, ವಕೀಲರ ಕಚೇರಿ. 1920ರ ದಶಕದ ಕೃಷಿ ಕುಸಿತದಲ್ಲಿ ಬ್ಯಾಂಕು ಮುಳುಗಿತು. 1926ರಲ್ಲಿ ಅದರ ಇಟ್ಟಿಗೆ ಗೋಡೆ ಒಡೆದು ಅಂಗಡಿ ಮಾಡಿದರು. 1972ರಲ್ಲಿ ಹೋಟೆಲೂ ನಿಂತಿತು. 2005ರಲ್ಲಿ ಊರಿನವರು ಸಂಸ್ಥೆ ಕಟ್ಟಿ ದುರಸ್ತಿಗಿಳಿದರು. 2011ರಲ್ಲಿ ಮತ್ತೆ ತೆರೆದಾಗ ಕೋಣೆ 27. ಚಾಚು ಸೂರು, ಹೊರಗೋಡೆಯ ರೂಪ ಉಳಿಸಿ, ಒಳಗೆ ಕೋಣೆಗಳನ್ನು ಕೂಡಿಸಿ ಬಚ್ಚಲು ಕೊಟ್ಟರು.

ನಮ್ಮ ಮದ್ರಾಸ್ ತಾರಸಿಯ ಕಟ್ಟಡಗಳಲ್ಲೂ ಹೀಗೆ ಮಾಡಬಹುದು. ಆದರೆ ಬಚ್ಚಲಿನ ಜಾಗ ಮೊದಲು ನಿಗದಿಯಾಗಬೇಕು. ಮರದ ತೊಲೆ, ಮೇಲೆ ಅಂಚಿಗೆ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿಯ ಸುಣ್ಣದ ಗಾರೆ: ಇಷ್ಟೇ ಆ ತಾರಸಿ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುವುದರಿಂದ ಸೋರಿದ ನೀರು ಅಲ್ಲಿ ತಂಗಿ ಮರ ಕೊಳೆಯುತ್ತದೆ, ಗೆದ್ದಲು ಬರುತ್ತದೆ. ಹೊರಗಿನಿಂದ ಏನೂ ಕಾಣದು. ಹಾಗಾಗಿ ಬಚ್ಚಲುಗಳನ್ನು ಹಿಂಬದಿಯಲ್ಲಿ ಒಂದರ ಮೇಲೊಂದರಂತೆ, ಪ್ರತ್ಯೇಕ ಕಂಬಗಳ ಮೇಲಿನ ಕಾಂಕ್ರೀಟ್ ಚಪ್ಪಡಿಯಲ್ಲಿ ಕಟ್ಟಬೇಕು. ಪೈಪನ್ನು ಗೋಡೆಯಲ್ಲಿ ಹೂಳದೆ ಹೊರಗೇ ಇಳಿಸಬೇಕು. ಸೋರಿದರೆ ಕಣ್ಣಿಗೆ ಬೀಳಲಿ. ತೊಲೆ ಹೊತ್ತ ಗೋಡೆಯನ್ನು ಮಾತ್ರ ಆನಿಕೆ ಕೊಡದೆ ಮುಟ್ಟಲೇಬಾರದು.

ಇನ್ನು ಸಿಮೆಂಟು. ಸುಣ್ಣದ ಗೋಡೆಗೆ ಅದನ್ನು ಬಳಿದರೆ ಒಳಗಿನ ತೇವ ಹೊರಬರಲಾರದೆ ಉಪ್ಪೇಳುತ್ತದೆ, ಪ್ಲಾಸ್ಟರು ಹಪ್ಪಳದಂತೆ ಉಬ್ಬಿ ಉದುರುತ್ತದೆ. ಅದನ್ನು ಕೆತ್ತಿ ತೆಗೆದು, ಒಂದು ಪಾಲು ಸುಣ್ಣಕ್ಕೆ ಮರಳು, ಸುರ್ಕಿ (ಇಟ್ಟಿಗೆ ಪುಡಿ) ಸೇರಿ ಮೂರು ಪಾಲಿನ ಗಾರೆ ಹಚ್ಚಿ, ದಿನಗಟ್ಟಲೆ ಒದ್ದೆಯಾಗಿಡಬೇಕು. ಬೇಗ ಗಟ್ಟಿಯಾಗಲೆಂದು ಮೇಸ್ತ್ರಿ ಒಂದಿಷ್ಟು ಸಿಮೆಂಟ್ ಬೆರೆಸಲು ಹೊರಟರೆ ಒಪ್ಪಬೇಡಿ.

ಕೆಡವಲು ಅನುಮತಿ ಕೇಳಿದವರಿಂದ ತೊಲೆಗಳ ತುದಿ ಬಿಚ್ಚಿ ಪರೀಕ್ಷಿಸಿದ ಎಂಜಿನಿಯರ್ ವರದಿಯನ್ನು ನಗರ ಪಾಲಿಕೆಗಳು ಕಡ್ಡಾಯವಾಗಿ ಕೇಳಲಿ.

ಹಳೆ ಕಟ್ಟಡ ದುರಸ್ತಿಯ ಎಂಜಿನಿಯರುಗಳು, ಬಸವನಗುಡಿ, ಬೆಂಗಳೂರು