ಬಿಲ್ಲು ಪೂರ್ತಿ ಬಾಗಿತು, ನಿಮಗೆಲ್ಲ ನಮಸ್ಕಾರ

ಕೊನೆಗೂ ಹೆದೆ 28 ಇಂಚಿನವರೆಗೆ ಬಂತು, ಮರ ಬಿರಿಯಲಿಲ್ಲ. ಹತ್ತಿರದಲ್ಲೇ ಸಿಕ್ಕ ಮರದಿಂದ ಕೈಯಾರೆ ಮಾಡಿದ ನನ್ನ ಮೊದಲ ಬಿಲ್ಲು ಈಗ ದಿನವೂ ಬಾಣ ಬಿಡುತ್ತಿದೆ. ಆದರೆ ಒಬ್ಬನೇ ಮಾಡಿದೆ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಮೊದಲ ನಮಸ್ಕಾರ ಮರ ಕೊಟ್ಟವರಿಗೆ. ಗಾಳಿಗೆ ಉರುಳಿದ ಮರವನ್ನು ಸೌದೆಗೆ ಕಡಿಯುವ ಮುಂಚೆ ನನಗೆ ಹೇಳಿಕಳಿಸಿದಿರಿ, ಇದ್ದುದರಲ್ಲಿ ನೇರವಾದ ಆಳುದ್ದದ ಭಾಗವನ್ನೇ ಬಿಟ್ಟುಕೊಟ್ಟಿರಿ. ಗರಗಸ ಬೇಡ, ಬೆಣೆ ಹೊಡೆದೇ ಸೀಳು ಎಂದು ಪಟ್ಟು ಹಿಡಿದವರೂ ನೀವೇ. ಗರಗಸ ತನಗೆ ಬೇಕಾದ ಕಡೆ ಹೋಗುತ್ತದೆ, ಬೆಣೆ ಮರದ ನಾರಿನ ಜಾಡು ಹಿಡಿಯುತ್ತದೆ. ಬೆನ್ನಿನಲ್ಲಿ, ಅಂದರೆ ಎಳೆಯುವವನಿಂದ ಆಚೆಗಿರುವ ಮೈಯಲ್ಲಿ, ನಾರು ತುಂಡಾದ ಜಾಗದಿಂದಲೇ ಅಲ್ಲವೇ ಬಿಲ್ಲು ಮುರಿಯುವುದು!

ಒಣಗುವಾಗ ಬಿರಿಯದಿರಲೆಂದು ತುದಿಗಳಿಗೆ ಅಂಟು ಬಳಿದ ಸೀಳುಗಳು ತಿಂಗಳುಗಟ್ಟಲೆ ಮಂಚದ ಕೆಳಗೆ ಬಿದ್ದಿದ್ದರೂ ಮನೆಯವರು ಒಂದು ಮಾತೂ ಆಡಲಿಲ್ಲ. ಅವರಿಗೂ ಋಣಿ.

ಆಮೇಲೆ ನನ್ನ ಗುರುಗಳು. ಇವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ತೊಗಟೆ ಸುಲಿದಾಗ ಸಿಕ್ಕ ಮೈಯೇ ಬಿಲ್ಲಿನ ಬೆನ್ನು, ಅದಕ್ಕೆ ಉಳಿ ಸೋಕಿಸಕೂಡದು, ಹೆರೆಯುವುದೆಲ್ಲ ಹೊಟ್ಟೆಯ ಕಡೆಯಿಂದ, ಅಂದರೆ ಎಳೆಯುವವನ ಕಡೆಯ ಮೈಯಿಂದ ಎಂದು ಹೇಳಿಕೊಟ್ಟವರು ಅವರು. ದಪ್ಪ ಅರ್ಧಕ್ಕಿಳಿದರೆ ಬಿಗಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಹಾಗಾಗಿ ಹೆರೆದು ತೆಗೆದ ಕಾಗದದಷ್ಟು ತೆಳುವಾದ ಪದರವೂ ಲೆಕ್ಕಕ್ಕೆ ಬರುತ್ತದೆ. ಹೆದೆಗೆ ಕಟ್ಟಿದ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ನಾನು ನಿಧಾನವಾಗಿ ಎಳೆಯುತ್ತಿದ್ದೆ, ಅವರು ಆ ಬದಿ ಗೋಡೆಗೆ ಒರಗಿ ಬಿಲ್ಲಿನ ಎರಡೂ ತೋಳು ಬಾಗುವುದನ್ನು ನೋಡುತ್ತಿದ್ದರು. ಹೆದೆ ಎಳೆಯುವವನಿಗೆ ತನ್ನ ಬಿಲ್ಲಿನ ಬಾಗು ಸರಿಯಾಗಿ ಕಾಣುವುದಿಲ್ಲ. "ಎಡ ತೋಳಿನ ನಡು ಹೆಚ್ಚು ಬಾಗುತ್ತಿದೆ. ಅಲ್ಲಿ ಮುಟ್ಟಬೇಡ, ಅದರ ಆಚೀಚೆ ಹೆರೆ" ಎನ್ನುವರು. ಪೆನ್ಸಿಲ್ಲಿನಿಂದ ಗೀಚಿಕೊಂಡು, ಆ ಗೀಟು ಅಳಿಯುವಷ್ಟೇ ಹೆರೆದು, ಹತ್ತಾರು ಸಲ ಅರ್ಧಕ್ಕೆ ಎಳೆದು ಬಿಟ್ಟು, ಮತ್ತೆ ನೋಡುವುದು. ಸಂಜೆಗಳು ಹೀಗೇ ಕಳೆದವು. ಅವರು ಒಮ್ಮೆಯೂ ಬೇಸರಪಡಲಿಲ್ಲ, ನನ್ನ ಕೈಯಿಂದ ಬಿಲ್ಲನ್ನು ಒಮ್ಮೆಯೂ ಕಿತ್ತುಕೊಳ್ಳಲಿಲ್ಲ. ಅದೇ ದೊಡ್ಡ ಉಪಕಾರ ಎನ್ನುತ್ತೇನೆ.

ಕಂಡರಿಯದವರಿಗೂ ಒಂದು ನಮಸ್ಕಾರ ಸಲ್ಲಬೇಕು. ತನ್ನ ಜನರನ್ನೆಲ್ಲ ಕಳೆದುಕೊಂಡು 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಬ್ಬನೇ ಹೊರಬಂದ ಯಾಹಿ ಜನಾಂಗದ ಇಶಿ, 1916ರಲ್ಲಿ ತೀರಿಕೊಳ್ಳುವ ಮೊದಲು ಬಿಲ್ಲು ಮಾಡುವ ವಿದ್ಯೆಯನ್ನು ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯರಿಗೆ ತೋರಿಸಿಕೊಟ್ಟ. ಅಷ್ಟೆಲ್ಲ ಕಳೆದುಕೊಂಡವನು ವಿದ್ಯೆಯನ್ನು ಬಚ್ಚಿಡಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಅದೇ ಮರದ ಇನ್ನೊಂದು ಸೀಳು ಒಣಗಿ ಸಿದ್ಧವಾಗಿದೆ. ಮರ ಕೊಟ್ಟವರ ಮಗಳು ತನಗೊಂದು ಬಿಲ್ಲು ಬೇಕೆಂದು ಕೇಳಿದ್ದಾಳೆ. ಹೆರೆಯುವವಳು ಅವಳೇ. ಗೋಡೆಯ ಬದಿ ನಿಂತು ನೋಡುವ ಕೆಲಸ ಈ ಸಲ ನನ್ನದು. ಗುರುಗಳೇ, ಮೊದಲ ದಿನ ನೀವೂ ಬನ್ನಿ.