ಹತ್ತೊಂಬತ್ತನೆಯವನು

ಪ್ರೀತಿಯ ತಮ್ಮಾ,

ಮೆಲ್ಬರ್ನ್‌ನಿಂದ ನೀನು ಕಳಿಸಿದ, ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರ ರಾನ್ ಬರಾಸಿಯ ಕಥೆ ಓದಿದೆ. ಅದೇ ಹೆಸರಿನ, ಅದೇ ಆಟದ ಹೆಸರಾಂತ ಮಗನ ಬದಲು, ಎರಡನೇ ಮಹಾಯುದ್ಧದಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲಿ ಮಡಿದ ಅಪ್ಪನನ್ನು ಹಿಡಿದೆಯಲ್ಲ, ಅದಕ್ಕೇ ನಿನ್ನ ಮೇಲೆ ಅಕ್ಕರೆ. ಅಧ್ಯಾಯ ಎಷ್ಟಿರಬೇಕು, ಯಾರು ಅಚ್ಚು ಹಾಕುತ್ತಾರೆ ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ, ಬಿಡು. ನನಗೆ ಸಿಟ್ಟು ಬಂದದ್ದು ಮೂರನೇ ಅಧ್ಯಾಯಕ್ಕೆ.

1940ರ ಸೆಪ್ಟೆಂಬರ್ 28ರ ಫೈನಲ್‌ನಲ್ಲಿ, ಕೊನೇ ಗಳಿಗೆಯಲ್ಲಿ, ಅವನಿಂದ ಗೆಲುವಿನ ಗೋಲು ಹೊಡೆಸಿದ್ದೀಯ. ಸ್ಕೋರು ನೋಡಿದ್ದೀಯಾ? ಮೆಲ್ಬರ್ನ್ 15.17, ರಿಚ್ಮಂಡ್ 10.8. ಚುಕ್ಕಿಯ ಎಡಕ್ಕಿರುವುದು ನಡುಗಂಬಗಳ ಮಧ್ಯೆ ಒದ್ದ ಗೋಲು, ಒಂದಕ್ಕೆ 6 ಅಂಕ; ಬಲಕ್ಕಿರುವುದು ಪಕ್ಕದ ಸಂದಿನಲ್ಲಿ ಹೋದದ್ದು, ಒಂದಕ್ಕೆ 1. ಲೆಕ್ಕ ಹಾಕು: 107ಕ್ಕೆ 68. 39 ಅಂಕದ ಪಂದ್ಯವನ್ನು ಕೊನೇ ಒದೆತ ಗೆಲ್ಲಿಸುವುದು ಹೇಗೆ? ಅಂದು 7 ಗೋಲು ಹೊಡೆದವನು ನಾರ್ಮ್ ಸ್ಮಿತ್. ಬರಾಸಿಯೋ, ತಂಡದ ಹತ್ತೊಂಬತ್ತನೆಯವನು.

ಅದನ್ನು ಮುಚ್ಚಿಟ್ಟೆಯಲ್ಲ, ಕಥೆ ಇದ್ದದ್ದೇ ಅಲ್ಲಿ! ಆಗ ಮೈದಾನದಲ್ಲಿ 18 ಜನ, ಹೊರಗೆ ಬದಲಿ ಒಬ್ಬನೇ. ಅವನು ಒಳಹೊಕ್ಕರೆ ಹೊರಬಂದವನು ಮತ್ತೆ ಇಳಿಯುವಂತಿರಲಿಲ್ಲ. ಹೋಗಿ ಬಂದು ಆಡುವ ಪದ್ಧತಿ ಶುರುವಾದದ್ದು 1978ರಲ್ಲಿ. ಬದಲಿಯನ್ನು ಮೊದಲ ಕ್ವಾರ್ಟರ್‌ನಲ್ಲೇ ಇಳಿಸಿಬಿಟ್ಟರೆ, ಆಮೇಲೆ ಯಾರದಾದರೂ ಮಂಡಿ ಉಳುಕಿದರೆ 17 ಜನರಲ್ಲೇ ಆಡಬೇಕಿತ್ತು. ಹಾಗಾಗಿ ಅವನ ಕೆಲಸವೆಂದರೆ ಮೈ ಬೆಚ್ಚಗಿಟ್ಟುಕೊಂಡು, ಕರೆ ಬಂದೀತೋ ಇಲ್ಲವೋ ಗೊತ್ತಿಲ್ಲದೆ ಕಾಯುವುದು. ಹತ್ತು ತಿಂಗಳಲ್ಲಿ ಮುತ್ತಿಗೆಯ ಊರಲ್ಲಿ ಸಾಯಲಿರುವ ಸೈನಿಕನನ್ನು ಬರೆಯಲು ಇದಕ್ಕಿಂತ ಒಳ್ಳೆಯ ದಾರಿ ಬೇಕೇ?

ಟೊಬ್ರುಕ್‌ನ ಭಾಗದಲ್ಲೂ ಇದೇ ಚಾಳಿ. ಬರೀ ಮರಳು ಸುರಿದಿದ್ದೀಯ. ಅಲ್ಲಿ ಅಗೆದರೆ ಸಿಗುವುದು ಸುಣ್ಣಕಲ್ಲು, ಕಂದಕ ಆಳಕ್ಕಿಳಿಯದೆ ಜನ ಹಗಲೆಲ್ಲ ಮುದುರಿ ಮಲಗುತ್ತಿದ್ದರು. ಸಾಯುವಾಗ ಚೆಂಡನ್ನು ನೆನೆದ ಎಂದು ನಿನಗೆ ಹೇಳಿದವರು ಯಾರು? ಯುದ್ಧದಲ್ಲಿ ಸತ್ತವರಿಗೆ ಹೀಗೆ ಜರಿ ಹೊದಿಸುವವರ ಮೇಲೆ ನನಗೆ ಹಳೆಯ ಕೋಪವಿದೆ. ನೀನೂ ಆ ಸಾಲಿಗೆ ಸೇರಬೇಡವೋ. ಅವನು ತೀರಿಕೊಂಡದ್ದು 1941ರ ಜುಲೈ 31. ಜೆರ್ಸಿಯ ನಂಬರೂ 31 ಎಂದು ಅದರಲ್ಲಿ ವಿಧಿ ಹುಡುಕಿದ ಪ್ಯಾರಾ ಅಳಿಸು. ಮಗನಿಗೆ ಆಗ ಐದು ವರ್ಷ, ಐದು ತಿಂಗಳು. ಆ ವಯಸ್ಸಿನ ಮಗು ಭಾಷಣ ಮಾಡುವುದಿಲ್ಲ.

ತಾಯಿ ಟಾಸ್ಮೇನಿಯಾಕ್ಕೆ ಹೋದ ಮೇಲೆ ಹದಿಹರೆಯದ ಆ ಹುಡುಗನನ್ನು ತನ್ನ ಮನೆಯಲ್ಲಿಟ್ಟುಕೊಂಡವನು ಅದೇ ನಾರ್ಮ್ ಸ್ಮಿತ್, ಆ ಫೈನಲ್‌ನ 7 ಗೋಲಿನವನು. 1953ರಲ್ಲಿ ಹುಡುಗ ಮೆಲ್ಬರ್ನ್ ತಂಡಕ್ಕಿಳಿದಾಗ ಕೋಚ್ ಕೂಡ ಅವನೇ. ನೀನು ಇದಕ್ಕೆ ಒಂದೇ ಸಾಲು ಕೊಟ್ಟಿದ್ದೀಯ. ಅಲ್ಲಿಂದ ಮತ್ತೆ ಬರೆದು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಣ್ಣ