ಹೆಬ್ಬೆರಳು ಮುಚ್ಚಿದ ಅರ್ಧ ಸಾಲು

ಮಾನ್ಯರೇ,

ರಾಯಚೂರಿನ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಕಳೆದ ಸೆಮಿಸ್ಟರಿನ ಕಿರುಪರೀಕ್ಷೆಯಲ್ಲಿ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ವನ್ನು (ಬೆಲೆಯಂಥದ್ದು ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ) ಹನ್ನೊಂದು ಮಂದಿ ‘ಸ್ಥಿತಿಸ್ಥಾಪನೆ’ ಎಂದೇ ಬರೆದಿದ್ದರು. ವಿಚಾರಿಸಿದಾಗ ಮೂಲ ಸಿಕ್ಕಿತು: ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ್ದ ನೋಟ್ಸಿನ ಫೋಟೊ. ಹೆಬ್ಬೆರಳೊಂದು ಅರ್ಧ ಸಾಲನ್ನು ಮುಚ್ಚಿತ್ತು. ಆ ಅರ್ಧ ಸಾಲು ಹನ್ನೊಂದರಲ್ಲಿ ಒಬ್ಬರ ಉತ್ತರದಲ್ಲೂ ಇರಲಿಲ್ಲ!

ಹಾಗೆಂದು ಮೊಬೈಲನ್ನು ಶಪಿಸಲಾರೆ. ದೇವದುರ್ಗದ ಕಡೆಯಿಂದ ಬರುವ ಮಕ್ಕಳಿಗೆ ಬಸ್ ತಪ್ಪಿದ ದಿನ, ಹತ್ತಿ ಬಿಡಿಸಲು ಹೊಲಕ್ಕೆ ಹೋದ ದಿನ ಪಾಠದ ನಂಟು ಉಳಿಸುವುದು ಅದೇ ಗುಂಪು. 2004ರಲ್ಲಿ ಫೇಸ್‌ಬುಕ್ ಹುಟ್ಟಿದ್ದೂ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆಯೇ. ತೊಡಕು ಬೇರೆ ಕಡೆ ಇದೆ. ನೋಟ್ಸ್ ನೋಡಲೆಂದು ಕೈಗೆತ್ತಿಕೊಂಡ ಮೊಬೈಲಿನಲ್ಲಿ ಒಂದು ರೀಲ್ಸ್ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಗ್ರಂಥಾಲಯದಲ್ಲಿ ಪುಸ್ತಕ ತೆರೆದೇ ಇರುತ್ತದೆ, ಪುಟ ತಿರುವುವುದು ಮಾತ್ರ ಫ್ಯಾನಿನ ಗಾಳಿ. (ಉತ್ತರ ಪತ್ರಿಕೆ ತಿದ್ದುವಾಗ ನಾನೂ ಸಿಕ್ಕಿಬಿದ್ದಿದ್ದೇನೆ, ಅದೂ ಮಗಳ ಕೈಗೆ.)

ಪರೀಕ್ಷಾ ವೇಳಾಪಟ್ಟಿ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಎಲ್ಲವನ್ನೂ ರಾತ್ರಿ ಹತ್ತರ ಮೇಲೆ ಗುಂಪಿಗೆ ಹಾಕುವ ನಾವು, ಬೆಳಿಗ್ಗೆ ‘ಮೊಬೈಲ್ ಬಿಟ್ಟು ಓದಿ’ ಎಂದರೆ ಯಾರು ಕೇಳುತ್ತಾರೆ? ಕಾಲೇಜುಗಳು ಧೂಳು ಹಿಡಿದ ಸೂಚನಾ ಫಲಕವನ್ನು ಮತ್ತೆ ಬಳಸಲಿ. ಗುಂಪಿಗೆ ಸಂಜೆ ಏಳಕ್ಕೆ ಬೀಗ ಬೀಳಲಿ. ನೋಟ್ಸಿನ ಫೋಟೊ ಹಾಕುವ ಮುನ್ನ ನನಗೊಮ್ಮೆ ತೋರಿಸಿ ಎಂದು ತರಗತಿಯಲ್ಲಿ ಹೇಳಿದ್ದೇನೆ. ಈವರೆಗೆ ಇಬ್ಬರು ತಂದಿದ್ದಾರೆ.

– ಒಬ್ಬ ಉಪನ್ಯಾಸಕ, ರಾಯಚೂರು